ಕ್ರಿಪ್ಟಿಕ್ ಪದಬಂಧ

ಕ್ರಿಪ್ಟಿಕ್ ಪದಬಂಧ ಅಥವಾ ಗೂಢ ಪದಬಂಧವು ಬ್ರಿಟನ್ನಿನ ಪತ್ರಿಕೆಗಳಲ್ಲಿ ಬೆಳೆದುಬಂದ ಪದಬಂಧದ ಒಂದು ಪ್ರಕಾರ. ಸಾಮಾನ್ಯ ಪದಬಂಧದ ಸುಳಿವು ಉತ್ತರದ ಅರ್ಥವನ್ನಷ್ಟೇ ಹೇಳುತ್ತದೆ. ಕ್ರಿಪ್ಟಿಕ್ ಪದಬಂಧದ ಪ್ರತಿಯೊಂದು ಸುಳಿವೂ ಒಂದು ಸಣ್ಣ ಒಗಟಾಗಿದ್ದು, ಒಂದೇ ಉತ್ತರಕ್ಕೆ ಎರಡು ದಾರಿಗಳನ್ನು ತೋರಿಸುತ್ತದೆ. ಮೊದಲನೆಯದು ಉತ್ತರದ ಅರ್ಥ, ಎರಡನೆಯದು ಅದರ ಅಕ್ಷರಗಳನ್ನು ಕಟ್ಟುವ ಬಗೆ. ಇವೆರಡನ್ನೂ ಬೇರೇನನ್ನೋ ಹೇಳುವಂತೆ ತೋರುವ ವಾಕ್ಯವೊಂದರಲ್ಲಿ ಬಚ್ಚಿಡುವುದು ರಚನಕಾರನ ಕೆಲಸ. ಆ ವಾಕ್ಯವನ್ನು ಸರಿಯಾದ ಜಾಗದಲ್ಲಿ ಸೀಳುವುದು ಬಿಡಿಸುವವರ ಕೆಲಸ.

ಸುಳಿವಿನ ರಚನೆ

ಉತ್ತರದ ನೇರ ಅರ್ಥವನ್ನು ಕೊಡುವ ಭಾಗವು ಬಹುಮಟ್ಟಿಗೆ ಸುಳಿವಿನ ಆರಂಭದಲ್ಲಿ ಇಲ್ಲವೇ ಕೊನೆಯಲ್ಲಿರುತ್ತದೆ, ನಡುವೆ ಇರುವುದಿಲ್ಲ. ಉಳಿದ ಪದಗಳು ಶಬ್ದಕ್ರೀಡೆಗೆ ಸೇರಿದವು. ಕಂಸದಲ್ಲಿರುವ ಅಂಕಿ ಉತ್ತರದ ಅಕ್ಷರಗಳ ಸಂಖ್ಯೆ.

'ಪ್ರೈಸ್ ಆಫ್ ಪುಟಿಂಗ್ ಸನ್ ಇನ್ ಬೆಡ್ (4)' ಎಂಬ ಸುಳಿವನ್ನು ತೆಗೆದುಕೊಳ್ಳಬಹುದು. ಮಗನನ್ನು ಮಲಗಿಸಲು ತೆರಬೇಕಾದ ಬೆಲೆ ಎಂಬುದು ಇದರ ಮೇಲ್ನೋಟದ ಅರ್ಥ. ಮಲಗುವ ಮಗುವಿನ ಚಿತ್ರ ಮನಸ್ಸಿನಲ್ಲಿರುವವರೆಗೂ ಉತ್ತರ ಹೊಳೆಯುವುದಿಲ್ಲ. ಇಲ್ಲಿ 'ಪ್ರೈಸ್' ಎಂಬುದೇ ನೇರ ಅರ್ಥ. 'ಬೆಡ್' ಎಂದರೆ ಹಾಸಿಗೆ, ಅಂದರೆ 'ಕಾಟ್': ಸಿ, ಓ, ಟಿ. 'ಸನ್' ಎಂಬುದರ ರೂಢಿಯ ಸಂಕ್ಷೇಪ ಎಸ್. ಕಾಟ್‌ನ ಒಳಗೆ ಎಸ್ ಅನ್ನು ಇಟ್ಟರೆ ಸಿ, ಓ, ಎಸ್, ಟಿ, ಅಂದರೆ 'ಕಾಸ್ಟ್' ದೊರೆಯುತ್ತದೆ. ಬೆಲೆಗೆ ನಾಲ್ಕಕ್ಷರದ ಬೇರೆ ಪದಗಳೂ ಉಂಟು. 'ರೇಟ್' ಆಗಬಹುದು, 'ಫೇರ್' ಆಗಬಹುದು. ಆದರೆ ಅವು ಹಾಸಿಗೆಗೂ ಮಗನಿಗೂ ಲೆಕ್ಕ ಕೊಡಲಾರವು. ಸುಳಿವಿನ ಎಲ್ಲ ಪದಗಳಿಗೂ ಲೆಕ್ಕ ಸಿಕ್ಕಾಗ ಉತ್ತರವು ಸರಿಯೆಂದು ತಾನಾಗಿಯೇ ಖಚಿತವಾಗುತ್ತದೆ. ಮರುದಿನದ ಪತ್ರಿಕೆಗೆ ಕಾಯಬೇಕಿಲ್ಲ.

ಇದಕ್ಕೆ ಚೌಕಜಾಲದ ರಚನೆಯೂ ಒಂದು ಕಾರಣ. ಅಮೆರಿಕದ ಪದಬಂಧಗಳಲ್ಲಿ ಪ್ರತಿ ಅಕ್ಷರವೂ ಅಡ್ಡ ಪದವೊಂದಕ್ಕೂ ಉದ್ದ ಪದವೊಂದಕ್ಕೂ ಸೇರಿರುತ್ತದೆ. 15 ಅಡ್ಡಸಾಲು, 15 ಉದ್ದಸಾಲುಗಳ ಬ್ರಿಟಿಷ್ ಜಾಲದಲ್ಲಿ ಪದವೊಂದರ ಸುಮಾರು ಅರ್ಧದಷ್ಟು ಅಕ್ಷರಗಳಿಗೆ ಮಾತ್ರ ಅಂಥ ಆಸರೆ ಇರುತ್ತದೆ. ಉಳಿದವನ್ನು ಸುಳಿವೇ ಸಮರ್ಥಿಸಬೇಕು.

ಸುಳಿವುಗಳ ಬಗೆಗಳು

ಅತಿ ಹೆಚ್ಚು ಬಳಕೆಯಲ್ಲಿರುವುದು ಅಕ್ಷರಪಲ್ಲಟ. 'ಟೀಚ್ ಬ್ಯಾಡ್ಲಿ ಟು ಸ್ವಿಂಡಲ್ (5)' ಎಂಬಲ್ಲಿ ಮೋಸ ಮಾಡುವುದೇ ನೇರ ಅರ್ಥ. 'ಬ್ಯಾಡ್ಲಿ' ಎಂಬುದು ಪಾಠದ ಗುಣಮಟ್ಟವನ್ನು ಹೇಳುತ್ತಿಲ್ಲ. ಅದು 'ಟೀಚ್' ಪದದ ಐದು ಅಕ್ಷರಗಳನ್ನು ಕೆಡಿಸಿ ಜೋಡಿಸಲು ಹೇಳುವ ಸೂಚಕ ಪದ. ಉತ್ತರ 'ಚೀಟ್'. ಒಡೆದ, ಕುಡಿದ, ಹುಚ್ಚಾದ, ಕುಣಿಯುವ ಎಂಬ ಅರ್ಥದ ಪದ ಕಂಡಾಗಲೆಲ್ಲ ಅನುಭವಿಗಳು ಪಕ್ಕದ ಅಕ್ಷರಗಳನ್ನು ಎಣಿಸುತ್ತಾರೆ.

ಪದಗಳನ್ನು ಒಂದರ ಮುಂದೊಂದು ಜೋಡಿಸುವುದು ಇನ್ನೊಂದು ಬಗೆ. 'ಫ್ರೂಟ್ ಫಾರ್ ಚ್ಯಾಪ್ ಟು ಲೀವ್ (5)' ಎಂಬುದರಲ್ಲಿ ಗಂಡಸಿಗೆ 'ಮ್ಯಾನ್', ಹೊರಡುವುದಕ್ಕೆ 'ಗೋ'. ಕೂಡಿದರೆ ಮಾವಿನ ಹಣ್ಣು, 'ಮ್ಯಾಂಗೋ'.

ಕೆಲವೊಮ್ಮೆ ಉತ್ತರವು ಸುಳಿವಿನಲ್ಲಿಯೇ ಅಚ್ಚಾಗಿರುತ್ತದೆ. 'ಪಾರ್ಟ್ ಆಫ್ ದ ರೋಲ್ ಫಾರ್ ಬ್ರೇವ್ ಮ್ಯಾನ್ (4)' ಎಂಬುದು ನಾಟಕದ ಪಾತ್ರದ ಮಾತಿನಂತೆ ಕೇಳಿಸುತ್ತದೆ. 'ದ ರೋಲ್' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ನಡುವಿನ ಒಂದು 'ಪಾರ್ಟ್' ಅನ್ನು, ಅಂದರೆ ಎಚ್, ಇ, ಆರ್, ಓ ಎಂಬ ಭಾಗವನ್ನು ಓದಿದರೆ 'ಹೀರೋ' ಸಿಗುತ್ತಾನೆ. ಕಣ್ಣೆದುರೇ ಇದ್ದದ್ದು ಕಾಣದೆ ಹೋಗುವುದರಿಂದ ಹೊಸಬರಿಗೆ ಹೆಚ್ಚು ಕಾಡುವುದೂ, ಸಿಕ್ಕಾಗ ಹೆಚ್ಚು ಖುಷಿ ಕೊಡುವುದೂ ಇದೇ.

'ಡೌನ್‌ಪೋರ್ ಆಸ್ ಟ್ರೇನ್ ಫೇಲ್ಸ್ ಟು ಸ್ಟಾರ್ಟ್ (4)' ಎಂಬುದು ಅಕ್ಷರಲೋಪಕ್ಕೆ ಉದಾಹರಣೆ: 'ಟ್ರೇನ್' ಪದದ ಆರಂಭದ ಟಿ ಬಿದ್ದುಹೋದರೆ ಮಳೆ, 'ರೇನ್'. ಪದವನ್ನು ಹಿಂದುಮುಂದಾಗಿ ಓದಿಸುವ, ಉಚ್ಚಾರದ ಸಾಮ್ಯವನ್ನು ಬಳಸುವ ಸುಳಿವುಗಳೂ ಇವೆ. ಎರಡು ನೇರ ಅರ್ಥಗಳನ್ನೇ ಪಕ್ಕಪಕ್ಕದಲ್ಲಿಡುವ ಬಗೆಯನ್ನು ಕನ್ನಡದ ಓದುಗರು ಶ್ಲೇಷವೆಂದು ಗುರುತಿಸಬಹುದು: 'ಲೆಂಡರ್ ಅಟ್ ಎಡ್ಜ್ ಆಫ್ ರಿವರ್ (4)', ಅಂದರೆ 'ಬ್ಯಾಂಕ್'.

ಇಡೀ ಸುಳಿವೇ ಏಕಕಾಲದಲ್ಲಿ ನೇರ ಅರ್ಥವೂ ಶಬ್ದಕ್ರೀಡೆಯೂ ಆಗುವುದು ಅಪರೂಪ. ರಚನಕಾರರು ಅದನ್ನು ಶ್ರೇಷ್ಠವೆಂದು ಎಣಿಸುತ್ತಾರೆ. 'ಐಯಾಮ್ ಎ ಮುಸ್ಲಿಮ್ ಲೀಡರ್ (4)' ಎಂಬಲ್ಲಿ ಐ, ಎಂ, ಎ ಎಂಬ ಮೂರು ಅಕ್ಷರಗಳು ಹಾಗೆಯೇ ಬರುತ್ತವೆ. 'ಮುಸ್ಲಿಮ್' ಪದದ 'ಲೀಡರ್' ಎಂದರೆ ಅದರ ಮೊದಲ ಅಕ್ಷರವಾದ ಎಂ. ಉತ್ತರ 'ಇಮಾಮ್', ಸುಳಿವು ಹೇಳುವುದೂ ಅವನನ್ನೇ.

ಇವುಗಳ ಜೊತೆಗೆ ರೂಢಿಯಿಂದ ಬಂದ ಸಂಕ್ಷೇಪಗಳ ದೊಡ್ಡ ಭಂಡಾರವೊಂದಿದೆ. 'ಸೇಲರ್' ಎಂದರೆ 'ಟಾರ್' ಅಥವಾ ಎ, ಬಿ. ಟೆನಿಸ್‌ನ 'ಲವ್' ಮತ್ತು ಕ್ರಿಕೆಟ್ಟಿನ 'ಡಕ್' ಎರಡೂ ಸೊನ್ನೆ, ಆದ್ದರಿಂದ ಓ. 'ಫ್ಲವರ್' ಎಂದರೆ ಹೂವೇ ಆಗಬೇಕಿಲ್ಲ. ಹರಿಯುವಂಥದ್ದು, ಅಂದರೆ ನದಿಯೂ ಆಗಬಹುದು.

ಬಿಡಿಸುವುದು ಮತ್ತು ವಿವರಿಸುವುದು

ಅಡ್ಡ ಹಾಯುವ ಪದಗಳ ಅಕ್ಷರಗಳನ್ನು ನೋಡಿ ಉತ್ತರವನ್ನು ಊಹಿಸಿ ಬರೆಯುವುದು ಸಾಧ್ಯ, ಅದು ತಪ್ಪೂ ಅಲ್ಲ. ಆದರೆ ಆ ಉತ್ತರವೇ ಏಕೆ ಎಂದು ಹೇಳಲಾಗದವರೆಗೆ ಸುಳಿವು ಬಿಡಿಸಿದಂತಾಗಲಿಲ್ಲ ಎಂಬುದು ಈ ಆಟದ ರೂಢಿ. ವಿವರಣೆ ಬರೆಯುವವರು ನೇರ ಅರ್ಥದ ಕೆಳಗೆ ಗೆರೆ ಎಳೆಯುತ್ತಾರೆ, ಪಲ್ಲಟಗೊಂಡ ಅಕ್ಷರಗಳಿಗೆ ನಕ್ಷತ್ರ ಚಿಹ್ನೆ ಹಾಕುತ್ತಾರೆ, ಒಳಗಿಟ್ಟ ಭಾಗವನ್ನು ಕಂಸದಲ್ಲಿ ತೋರಿಸುತ್ತಾರೆ. ಮೇಲಿನ 'ಕಾಸ್ಟ್' ಈ ಕ್ರಮದಲ್ಲಿ ಸಿ ಓ (ಎಸ್) ಟಿ ಎಂದಾಗುತ್ತದೆ. ಲೆಕ್ಕಕ್ಕೆ ಸಿಗದ ಪದವೊಂದು ಉಳಿದರೆ ಉತ್ತರ ತಪ್ಪಿರಬೇಕು, ಇಲ್ಲವೇ ಸುಳಿವಿನಲ್ಲೇ ದೋಷವಿರಬೇಕು.

ಇತಿಹಾಸ ಮತ್ತು ನ್ಯಾಯದ ಪ್ರಶ್ನೆ

ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧವು 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಗೂಢತೆ ಇರಲಿಲ್ಲ. ಪೂರ್ಣವಾಗಿ ಗೂಢ ಸುಳಿವುಗಳನ್ನೇ ಬಳಸಿದವರಲ್ಲಿ ಮೊದಲಿಗ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಬರೆದ ಆತ, ಸ್ಪೇನಿನ ಧರ್ಮವಿಚಾರಣಾಧಿಕಾರಿಯಾಗಿದ್ದ ಟೊರ್ಕೆಮಾಡನ ಹೆಸರನ್ನು ಕಾವ್ಯನಾಮವಾಗಿಸಿಕೊಂಡ. ಓದುಗರನ್ನು ಹಿಂಸಿಸುವವನಿಗೆ ಒಪ್ಪುವ ಹೆಸರೇ ಅದು. 1930ರಲ್ಲಿ 'ಟೈಮ್ಸ್' ಕೂಡ ಪದಬಂಧ ಆರಂಭಿಸಿತು. 1942ರ ಜನವರಿಯಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆಯು ಪದಬಂಧವನ್ನು 12 ನಿಮಿಷಗಳಲ್ಲಿ ಬಿಡಿಸುವ ಸ್ಪರ್ಧೆ ನಡೆಸಿತು. ಅದರಲ್ಲಿ ಭಾಗವಹಿಸಿದ ಕೆಲವರನ್ನು ಬಳಿಕ ಬ್ಲೆಚ್ಲಿ ಪಾರ್ಕ್‌ನ ಗೂಢಲಿಪಿ ಭೇದಿಸುವ ಕೆಲಸಕ್ಕೆ ಕರೆಸಿಕೊಳ್ಳಲಾಯಿತು.

ಮ್ಯಾಥರ್ಸ್ 1939ರಲ್ಲಿ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದ ಡಿ. ಎಸ್. ಮ್ಯಾಕ್ನಟ್ 'ಕ್ಸಿಮೆನೀಸ್' ಎಂಬ ಹೆಸರಿನಲ್ಲಿ ಬರೆದರು. 1966ರಲ್ಲಿ ಅವರು ಪ್ರಕಟಿಸಿದ ಪುಸ್ತಕವು ರಚನಕಾರನ ಕರ್ತವ್ಯಗಳನ್ನು ನಿಷ್ಠುರವಾಗಿ ನಿರೂಪಿಸಿತು. ರಚನಕಾರ ದಾರಿ ತಪ್ಪಿಸಬಹುದು, ಸುಳ್ಳು ಹೇಳಕೂಡದು ಎಂಬುದು ಅದರ ತಿರುಳು. ನೇರ ಅರ್ಥ ನಿಖರವಾಗಿರಬೇಕು, ಶಬ್ದಕ್ರೀಡೆ ವ್ಯಾಕರಣಕ್ಕೆ ಒಪ್ಪಬೇಕು, ಅನಗತ್ಯವಾದ ಒಂದು ಪದವೂ ಇರಬಾರದು. ಪಲ್ಲಟಗೊಳಿಸಬೇಕಾದ ಅಕ್ಷರಗಳು ಸುಳಿವಿನಲ್ಲಿ ಕಾಣಿಸಲೇಬೇಕು. ಮೊದಲು ಸಮಾನಾರ್ಥಕ ಪದವೊಂದನ್ನು ಊಹಿಸಿ, ಬಳಿಕ ಅದರ ಅಕ್ಷರಗಳನ್ನು ಕಲಸಬೇಕೆಂದರೆ ಅದು ಅನ್ಯಾಯ. ಈ ಕಟ್ಟುಪಾಡುಗಳು ಅತಿಯಾದವೆಂದು ವಾದಿಸುವ ಉದಾರ ಪಂಥವೂ ಇದೆ. 'ಗಾರ್ಡಿಯನ್' ಪತ್ರಿಕೆಯ 'ಅರೌಕೇರಿಯಾ' ಈ ಪಂಥದ ಅತ್ಯಂತ ಪ್ರೀತಿಪಾತ್ರ ರಚನಕಾರ. ಪಾದ್ರಿಯಾಗಿದ್ದ ಜಾನ್ ಗ್ರಹಾಂ ಅವರ ಕಾವ್ಯನಾಮವದು. 2013ರ ಜನವರಿಯಲ್ಲಿ ಅವರು ತಮಗೆ ಅನ್ನನಾಳದ ಕ್ಯಾನ್ಸರ್ ಆಗಿರುವುದನ್ನು ಪದಬಂಧವೊಂದರ ಮೂಲಕವೇ ಓದುಗರಿಗೆ ತಿಳಿಸಿದರು: ತಮ್ಮ ಸ್ಥಿತಿಯನ್ನು ಹೇಳುವ ಟಿಪ್ಪಣಿಯಲ್ಲಿ ರೋಗದ ಹೆಸರಿನ ಬದಲು ಸುಳಿವುಗಳ ಸಂಖ್ಯೆಗಳಿದ್ದವು, ಬಿಡಿಸಿದವರಿಗಷ್ಟೇ ಸುದ್ದಿ ತಿಳಿಯಿತು. ಅದೇ ನವೆಂಬರಿನಲ್ಲಿ ಅವರು ನಿಧನರಾದರು.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ 'ದಿ ಹಿಂದೂ' ಪ್ರಕಟಿಸುವ ಕ್ರಿಪ್ಟಿಕ್ ಪದಬಂಧ ಪ್ರಸಿದ್ಧ. ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಆರ್. ಡಿ. ಕಟಾರಿ ನಿವೃತ್ತಿಯ ನಂತರ ಅದನ್ನು ರಚಿಸುತ್ತಿದ್ದರು.

ಕನ್ನಡ ಪತ್ರಿಕೆಗಳ ಪದಬಂಧಗಳು ಹೆಚ್ಚಾಗಿ ನೇರ ಅರ್ಥದ ಸುಳಿವುಗಳನ್ನೇ ಕೊಡುತ್ತವೆ. ಇಂಗ್ಲಿಷಿನ ತಂತ್ರಗಳೆಲ್ಲ ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ. ಕನ್ನಡದಲ್ಲಿ ಒಂದು ಮನೆಗೆ ಗುಣಿತಾಕ್ಷರವೋ ಒತ್ತಕ್ಷರವೋ ಇಡಿಯಾಗಿ ಸೇರುತ್ತದೆ. 'ಕರ್ನಾಟಕ' ನಾಲ್ಕೇ ಮನೆಗಳಲ್ಲಿ ಮುಗಿಯುತ್ತದೆ. 'ರ್ನಾ' ಎಂಬಂಥ ಅಕ್ಷರವನ್ನು ಕಲಸಿ ಬೇರೆಡೆ ಕೂರಿಸುವುದು ಕಷ್ಟವಾದ್ದರಿಂದ ಅಕ್ಷರಪಲ್ಲಟಕ್ಕೆ ಅವಕಾಶ ಕಡಿಮೆ. ಉಳಿದ ಬಗೆಗಳಿಗೆ ಭಾಷೆ ಸುಲಭವಾಗಿ ಒಗ್ಗುತ್ತದೆ. 'ನಗರದ ಒಳಗಿರುವ ವಿಷ (2)' ಎಂದರೆ 'ಗರ'. 'ಕೈಗೆ ಬಂದ ತೆರಿಗೆ (2)' ಎಂದರೆ 'ಕರ'. 'ತಲೆ ಹೋದ ಅರಸನಲ್ಲಿ ಉಳಿದ ಸಾರ (2)' ಎಂದರೆ 'ರಸ'. ಅದನ್ನೇ ತಿರುಗಿಸಿದರೆ ಕೊರಳಿಗೆ ಹಾಕುವ 'ಸರ'.