ಹಂದಿಗೆ ಕಟ್ಟಿದ ತಂತಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಹೆಲಿಕಾಪ್ಟರ್‌ನಿಂದ ಕಾಡುಹಂದಿ ಹೊಡೆಯೋ ವಿಡಿಯೋ ನೀವೂ ನೋಡಿರ್ತೀರಿ. 2011ರಿಂದ ಅಲ್ಲಿ ದುಡ್ಡು ಕೊಟ್ಟೇ ಇದಕ್ಕೆ ಹೋಗಬಹುದು. ಅಷ್ಟು ಕೆಳಗೆ ಹಾರುವಾಗ ಎಂಜಿನ್ ಕೈಕೊಟ್ಟರೆ ಸಾವರಿಸಿಕೊಳ್ಳೋಕೆ ಎತ್ತರವೇ ಇರಲ್ಲ.

ನಮ್ಮ ಆಲಮಟ್ಟಿ ಕಡೆ ಹೆಲಿಕಾಪ್ಟರ್ ಇಲ್ಲ. ಆದ್ರೆ ಕಬ್ಬಿದೆ, ಹಂದಿ ಕಾಟ ಇದೆ. ತಾಳಲಾರದೆ ಕೆಲವರು ಹೊಲದ ಸುತ್ತ ತಂತಿ ಎಳೆದು ನೇರವಾಗಿ ಲೈನ್ ಕರೆಂಟ್ ಕೊಡ್ತಾರೆ.

ಒಂದು ಸಣ್ಣ ಲೆಕ್ಕ. 230 ವೋಲ್ಟ್, ಒದ್ದೆ ಮೈಯ ರೋಧ ಸುಮಾರು 1000 ಓಮ್. ಅಂದ್ರೆ 230 ಮಿಲಿಆಂಪ್. 10–15 ಮಿಲಿಆಂಪ್‌ಗೇ ಕೈ ಸೆಟೆದು ತಂತಿ ಬಿಡೋಕಾಗಲ್ಲ. 50 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. 16 ಆಂಪ್‌ನ ಎಂಸಿಬಿ ಇಷ್ಟಕ್ಕೆ ಟ್ರಿಪ್ ಆಗೋದೇ ಇಲ್ಲ.

ಹಾಗಾದ್ರೆ ಸಾವಿರಾರು ವೋಲ್ಟ್ ಇರೋ ಸೋಲಾರ್ ಬೇಲಿ ಯಾಕೆ ಕೊಲ್ಲಲ್ಲ? ಅದರ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ, ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಮಾತ್ರ ಶಾಕ್ ಕೊಡುತ್ತೆ. ಹಂದಿ ಬೆಚ್ಚಿ ಹಿಂದೆ ಸರಿಯುತ್ತೆ, ಮನುಷ್ಯನೂ ಸರಿಯಬಹುದು. ಲೈನ್ ಕರೆಂಟ್ ಆ ಬಿಡುವನ್ನೇ ಕೊಡಲ್ಲ.

ರಾತ್ರಿ ತ್ರೀ ಫೇಸ್ ಬಂದಾಗ ನೀರು ಹಾಯಿಸೋಕೆ ಕತ್ತಲಲ್ಲಿ, ಒದ್ದೆ ಕಾಲಲ್ಲಿ ಆ ಬದುವಿನ ಮೇಲೆ ಓಡಾಡೋರು ನಮ್ಮ ಅಪ್ಪ, ಕಾಕಾನೇ. ರಜೆಗೆ ಊರಿಗೆ ಹೋದಾಗ ಈ ಲೆಕ್ಕ ಅವರಿಗೆ ಹೇಳಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಹಾಕಬಹುದು ಅನ್ನೋದನ್ನೂ ತಿಳಿಸಿ. ಯಾರಾದ್ರೂ ತಂತಿಗೆ ಸಿಕ್ಕಿಕೊಂಡಿದ್ರೆ ಓಡಿಹೋಗಿ ಮುಟ್ಟಬೇಡಿ, ಮೊದಲು ಕರೆಂಟ್ ತೆಗೆಸಿ.