ಜಗಲಿಯ ಮೇಲೊಂದು ಮರಗೆಲಸ

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಚಾರುದತ್ತನ ಮಗ ರೋಹಸೇನನು ಅಳುತ್ತ ರಂಗಕ್ಕೆ ಬರುತ್ತಾನೆ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದ ಅವನಿಗೆ ದಾಸಿ ರದನಿಕೆ ಮಾಡಿಕೊಟ್ಟ ಮಣ್ಣಿನ ಬಂಡಿ ರುಚಿಸದು. ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಆ ಬಂಡಿಗೆ ತುಂಬುತ್ತಾಳೆ. ನಾಟಕಕ್ಕೆ ಹೆಸರು ಬಂದದ್ದೂ ಆ ಬಂಡಿಯಿಂದಲೇ. ಕಾಲೇಜಿನಲ್ಲಿ ಈ ನಾಟಕವನ್ನು ಓದಿದಾಗ ನನ್ನ ಗಮನವೆಲ್ಲ ವಸಂತಸೇನೆಯ ಔದಾರ್ಯದ ಮೇಲಿತ್ತು. ಈಗ ಬೇರೆಯೇ ಒಂದು ಯೋಚನೆ ಬರುತ್ತದೆ. ರದನಿಕೆ ಬಂಡಿಯನ್ನು ಮಾಡಿಕೊಡುವ ಬದಲು ಆ ಮಣ್ಣನ್ನೇ ಹುಡುಗನ ಕೈಗೆ ಕೊಟ್ಟಿದ್ದರೆ? ಅಳು ನಿಲ್ಲುತ್ತಿತ್ತೇನೋ, ಆದರೆ ಶೂದ್ರಕನಿಗೆ ನಾಟಕವೇ ಇರುತ್ತಿರಲಿಲ್ಲವೆನ್ನಿ.

ಈ ಯೋಚನೆ ಬರಲು ಕಾರಣ ನಮ್ಮ ಮನೆಯ ಜಗಲಿ. ನಿವೃತ್ತನಾದ ಮೇಲೆ ಅಲ್ಲೊಂದು ಹಳೆಯ ಮೇಜು ಹಾಕಿ, ಅದರ ಅಂಚಿಗೆ ಮರವನ್ನು ಕಚ್ಚಿ ಹಿಡಿಯುವ ಒಂದು ವೈಸ್ ಬಿಗಿದು, ಒಂದು ಸಣ್ಣ ಹಲ್ಲಿನ ಗರಗಸ, ಎರಡು ಅರ, ಒಂದು ಬೈರಿಗೆ, ಹಗುರವಾದ ಸುತ್ತಿಗೆ, ಒಂದಿಷ್ಟು ಮರಳುಕಾಗದ ಇವನ್ನು ಕೂಡಿಸಿಕೊಂಡೆ. ಜೊತೆಗಾರರು ಇಬ್ಬರು: ಎಂಟು ವರ್ಷದ ಮೊಮ್ಮಗಳು, ಐದು ವರ್ಷದ ಅವಳ ತಮ್ಮ. ಉಳಿಯನ್ನು ಮಾತ್ರ ಎತ್ತರದ ಗೂಡಿನಲ್ಲಿಟ್ಟಿದ್ದೇನೆ. ಮಿಕ್ಕವನ್ನು ಮಕ್ಕಳು ಮುಟ್ಟಬಹುದು. ಕಟ್ಟಳೆ ಒಂದೇ: ಮರವನ್ನು ಹಿಡಿಯುವುದು ವೈಸ್‌ನ ಕೆಲಸ, ಕೈಯದಲ್ಲ. ಎರಡು ಕೈಗಳೂ ಗರಗಸದ ಹಿಡಿಯ ಮೇಲಿದ್ದರೆ ಅದರ ಹಲ್ಲಿಗೆ ಸಿಕ್ಕಲು ಬೆರಳೇ ಉಳಿಯುವುದಿಲ್ಲ.

ಮೊದಲ ಪಾಠ ನನಗೇ ಆಯಿತು. ಹಿತ್ತಲಿನ ಸೀಬೆಮರದ ಕೊಂಬೆಯೊಂದನ್ನು ಕಡಿಸಿದ್ದೆವು. ಸೌತೆಕಾಯಿಯನ್ನು ಹೆಚ್ಚಿದಂತೆ ಅದನ್ನು ಅಡ್ಡಡ್ಡ ಕೊಯ್ದರೆ ಬಿಲ್ಲೆ ಬಿಲ್ಲೆಯಾಗಿ ಗಾಲಿಗಳು ಸಿದ್ಧವಲ್ಲವೆ? ಮಕ್ಕಳು ಇಡೀ ಒಂದು ಭಾನುವಾರ ಸರದಿಯ ಮೇಲೆ ಕೊಯ್ದು ಎಂಟು ಗಾಲಿಗಳನ್ನು ಮಾಡಿದರು. ಮುಂದಿನ ಭಾನುವಾರದ ಹೊತ್ತಿಗೆ ಎಂಟೂ ಬಾಯಿ ಬಿಟ್ಟಿದ್ದವು. ಅಂಚಿನಿಂದ ನಡುವಿನವರೆಗೆ ಒಂದೊಂದರಲ್ಲೂ ನೆಟ್ಟನೆಯ ಸೀಳು. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ಕುಗ್ಗುತ್ತದೆ. ವರ್ಷವರ್ಷದ ಬಳೆಗಳ ಗುಂಟ, ಎಂದರೆ ಸುತ್ತಳತೆಯಲ್ಲಿ, ಅದರ ಸುಮಾರು ಎರಡರಷ್ಟು. ತೊಟ್ಟವನು ಸಣ್ಣಗಾಗುವುದಕ್ಕಿಂತ ಬೇಗನೆ ತೊಟ್ಟ ಉಡುದಾರ ಬಿಗಿಯಾದರೆ ಅದು ಹರಿಯಲೇಬೇಕಷ್ಟೆ. ಪ್ರಾಚೀನರ ಗಟ್ಟಿಗಾಲಿಗಳು ಮರದ ದಿಮ್ಮಿಯನ್ನು ಬಿಲ್ಲೆಯಾಗಿ ಕೊಯ್ದವಲ್ಲ, ಉದ್ದುದ್ದ ಸೀಳಿದ ಹಲಗೆಗಳನ್ನು ಜೋಡಿಸಿ ಗುಂಡಗೆ ಕತ್ತರಿಸಿದವು. ಅದನ್ನು ಪುಸ್ತಕದಲ್ಲಿ ಓದಿದ್ದವನಿಗೂ ಕಾರಣ ತಿಳಿದದ್ದು ಈ ಸೀಬೆಯ ಗಾಲಿಗಳಿಂದ.

ಆಮೇಲೆ ಮಕ್ಕಳನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಗೊಂಬೆಗಳಿಗೆ ಬಹುಕಾಲದಿಂದ ಒದಗಿಬಂದಿರುವುದು ಆಲೆಮರ. ಬೆಳ್ಳಗೆ, ಹಗುರ, ನುಣುಪಾದ ಎಳೆ. ದಂತವನ್ನು ನೆನಪಿಸುವ ಮರ. ಅದನ್ನೂ ಕಡಿದ ಕೂಡಲೆ ಕಡೆಯುವುದಿಲ್ಲ; ತುಂಡು ಮಾಡಿ ಒಣಗಲು ಬಿಟ್ಟು ಕಾಯುತ್ತಾರೆ. ತಿರುಗುವ ಮರಕ್ಕೆ ಉಳಿ ತಾಗಿಸಿದಾಗ ಸುರುಳಿ ಸುರುಳಿಯಾಗಿ ಏಳುವ ತೊಗಟೆಯನ್ನು ಹುಡುಗ ಬಾಯಿ ತೆರೆದು ನೋಡಿದ. ಅದಕ್ಕಿಂತ ಸೊಗಸು ಬಣ್ಣ ಹಾಕುವ ಬಗೆ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಗರಿಯೊಂದನ್ನು ಒತ್ತಿದರೆ ಹರಡಿ ಹೊಳಪೇರುತ್ತದೆ. ಬೆಂಕಿಯನ್ನು ಮರವೇ ಹುಟ್ಟಿಸಿಕೊಳ್ಳುತ್ತದೆ ಎಂದು ಮೊಮ್ಮಗಳ ವಿವರಣೆ. ನನಗೆ ತಿದ್ದಲು ಏನೂ ತೋಚಲಿಲ್ಲ.

ಕಡೆಯುವ ಯಂತ್ರ ಮನೆಯಲ್ಲಿ ಸಾಧ್ಯವಿಲ್ಲ. ಬಡಗಿಯ ಅಂಗಡಿಯಲ್ಲಿ ಉಳಿದ ಒಣಗಿದ ತುಂಡುಗಳೇ ನಮಗೆ ಸಾಕು. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಆಟದ ಸಾಮಾನು ಕೊನೆಗೆ ತಲಪುವುದು ಬಾಯಿಗೇ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ; ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಅಲ್ಲಿಯೇ ಬಿಡುವುದು ಲೇಸು. ನಾವು ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಬಟ್ಟೆಯಿಂದ ತಿಕ್ಕುತ್ತೇವೆ.

ಇನ್ನು ಬಾತುಕೋಳಿಯ ಕಥೆ. ಮೊಮ್ಮಗಳು ತಾನೇ ಬರೆದು, ತಾನೇ ಕೊಯ್ದು, ಮೂರು ವಾರ ಅರ ಹಾಕಿ ಒಂದು ಬಾತುಕೋಳಿಯನ್ನು ಮಾಡಿದಳು. ಕೆಳಗೆ ಒಂದು ಅಚ್ಚು, ಎರಡು ಗಾಲಿ, ಹಿಂದೆ ನೆಲಕ್ಕೆ ಊರುವ ಬಾಲ. ಹಲಗೆಯನ್ನು ಮೊದಲು ಗುಂಡಗೆ ಕತ್ತರಿಸಿಬಿಟ್ಟು, ಆಮೇಲೆ ಕಣ್ಣಂದಾಜಿನಲ್ಲಿ ಬೈರಿಗೆಯಿಂದ ತೂತು ಕೊರೆದಿದ್ದಳು. ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು: ಕೈವಾರ ಊರಿದ ಚುಕ್ಕೆಯ ಮೇಲೆಯೇ ಮೊದಲು ತೂತು ಕೊರೆದು, ಅನಂತರ ಗೆರೆಯ ಗುಂಟ ಕತ್ತರಿಸಬೇಕು. ಅವಳ ತೂತುಗಳು ನಡುವಿನಲ್ಲಿರಲಿಲ್ಲ. ಎಳೆದರೆ ಬಾತು ಎಡಕ್ಕೂ ಬಲಕ್ಕೂ ವಾಲುತ್ತಿತ್ತು.

ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಕುಳಿತು, ಕೈವಾರ ಹಿಡಿದು, ಒಂದು ಕೂದಲೆಳೆಯೂ ತಪ್ಪದ ಹೊಸ ಗಾಲಿಗಳನ್ನು ಮಾಡಿ ಜೋಡಿಸಿದೆ. ಹಳೆಯವನ್ನು ಬಚ್ಚಲ ಒಲೆಗೆ ಹಾಕಿದೆ. ಮಗುವಿಗೆ ಸಂತೋಷವಾದೀತೆಂದು ನಾನು ನಿಜವಾಗಿಯೂ ನಂಬಿದ್ದೆ.

ಬೆಳಿಗ್ಗೆ ಅವಳು ಎರಡು ಬಾರಿ ಎಳೆದು ನೋಡಿ ನಿಂತಳು.

“ತಾತ, ಇದು ನಡೆಯೋದಿಲ್ಲ.”

“ಎಷ್ಟು ಚೆನ್ನಾಗಿ ಓಡುತ್ತಿದೆಯಲ್ಲೆ!”

“ಓಡುತ್ತೆ. ನಡೆಯೋದಿಲ್ಲ. ನನ್ನ ಗಾಲಿ ಎಲ್ಲಿ?”

ಒಲೆಯ ಕಡೆಗೆ ನೋಡಿದೆನೇ ಹೊರತು ಉತ್ತರ ಹೇಳಲಿಲ್ಲ. ಅವಳು ಬಾತನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಒಂದು ತಿಂಗಳಿಗೂ ಮೇಲೆ ಜಗಲಿಯತ್ತ ಸುಳಿಯಲಿಲ್ಲ. ತಮ್ಮನೂ ಅಕ್ಕನ ಪಕ್ಷ.

ಆ ನಡಿಗೆಯನ್ನು ಮರಳಿ ತರಬೇಕೆಂದು ನಾನೊಬ್ಬನೇ ಹೆಣಗಿದೆ. ತೂತನ್ನು ನಡುವಿನಿಂದ ಬೇಕೆಂದೇ ಸರಿಸಿ ಕೊರೆದರೆ ಬಾತು ಮೇಲೆ ಕೆಳಗೆ ಕುಪ್ಪಳಿಸಿತು, ವಾಲಲಿಲ್ಲ. ಗಾಲಿಗಳನ್ನು ಅಚ್ಚಿನ ಮೇಲೆ ಸಡಿಲ ಬಿಟ್ಟರೆ ಒಂದೊಂದು ಹೆಜ್ಜೆಗೆ ಒಂದೊಂದು ರೀತಿ. ನಾಲ್ಕನೆಯ ಜೊತೆ ಹಾಳಾದ ದಿನ ಹಿಂದಿನಿಂದ ಧ್ವನಿ ಕೇಳಿಸಿತು: “ಎರಡಕ್ಕೂ ಒಂದೇ ಕಡೆ ತೂತಿಟ್ಟಿದ್ದೀಯಲ್ಲ ತಾತ!”

ಹೌದು. ಒಂದು ಗಾಲಿಯ ತಗ್ಗು ನೆಲಕ್ಕೆ ಬಂದಾಗ ಇನ್ನೊಂದರ ಉಬ್ಬು ಬರಬೇಕು. ಆಗ ಮೈ ವಾಲುತ್ತದೆ. ಎರಡೂ ಗಾಲಿಗಳು ಅಚ್ಚಿಗೆ ಬಿಗಿಯಾಗಿ ಅಂಟಿ, ಅಚ್ಚು ಮಾತ್ರ ಬಾತಿನ ಹೊಟ್ಟೆಯಡಿಯ ತೂತಿನಲ್ಲಿ ಸಡಿಲವಾಗಿ ತಿರುಗಬೇಕು. ಆಗ ಮಾತ್ರ ಆ ಲೆಕ್ಕ ತಪ್ಪುವುದಿಲ್ಲ. ಅವಳು ಮೊದಲ ಬಾರಿಗೆ ಅರಿಯದೆ ಇದನ್ನೇ ಮಾಡಿದ್ದಳು. ಈಗ ಪೆನ್ಸಿಲ್ ತೆಗೆದುಕೊಂಡು ನಡುವಿನಿಂದ ಒಂದು ಗುಲಗಂಜಿಯಷ್ಟು ದೂರಕ್ಕೆ ಗುರುತು ಹಾಕಿದಳು. ನಾನು ಮರ ಅಲುಗದಂತೆ ವೈಸ್ ಬಿಗಿದುಕೊಟ್ಟು ಕೈಕಟ್ಟಿ ಕುಳಿತೆ.

ಬಾತುಕೋಳಿ ಈಗ ಜಗಲಿಯ ಕಲ್ಲುಚಪ್ಪಡಿಯ ಮೇಲೆ ಟಕ್ಕು ಟಕ್ಕೆಂದು ವಾಲಾಡುತ್ತ ನಡೆಯುತ್ತದೆ. ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ನನ್ನ ಮನೆಯಾಕೆಯ ದೂರು. ಗಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಬಹುದೆಂದು ನಾನು ಸೂಚಿಸಿದ್ದೇನೆ. ಮಾಡಿದವಳು ಇನ್ನೂ ಒಪ್ಪಿಲ್ಲ.