ಸ್ಕಿನ್ ಕಟ್ಟುವುದು ಕಲೆ, ಹಂಚುವುದು ಶಿಸ್ತು

ಮಸ್ಕಿ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಕಂಪ್ಯೂಟರಿನ ಒಳಗೆ ಮಾತ್ರ ಈ ಹೆಸರು ಐದು ಯೂನಿಕೋಡ್ ಸಂಕೇತಗಳಾಗಿ ಕೂತಿರುತ್ತದೆ: ಮ, ಸ, ಹಲಂತ, ಕ, ಕೊನೆಗೆ ಗುಡಿಸು. ಸಂಕೇತಗಳ ಸಾಲಿನಲ್ಲಿ ಗುಡಿಸು ಬರುವುದು ಕಕಾರದ ನಂತರ. ಆದರೆ ಪರದೆಯ ಮೇಲೆ ಅದು ಹತ್ತಬೇಕಾದದ್ದು ಸಕಾರದ ತಲೆಗೆ. ಕಕಾರ ಒತ್ತಕ್ಷರವಾಗಿ ಕೆಳಗೆ ಇಳಿಯಬೇಕು. ಫಾಂಟಿನೊಳಗಿನ ಕೋಷ್ಟಕಗಳನ್ನು ಓದಿ ಈ ಹೊಂದಾಣಿಕೆ ಮಾಡುವ ತಂತ್ರಾಂಶಗಳಿವೆ. ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿರುವ ಹಾರ್ಫ್‌ಬಜ್ ಅವುಗಳಲ್ಲಿ ಹೆಸರಾದದ್ದು. ಇಂಥ ಏರ್ಪಾಡು ಇಲ್ಲದ ಕಡೆ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಬರೀ ಖಾಲಿ ಚೌಕಗಳು.

ಮನೆಯ ಟೀವಿಗೆ ಪುಟ್ಟ ಪೆಟ್ಟಿಗೆಯೊಂದನ್ನು ಜೋಡಿಸಿ, ಹಾರ್ಡ್‌ಡಿಸ್ಕಿನಲ್ಲಿರುವ ಮದುವೆ ವಿಡಿಯೊ, ಹಾಡು, ಸಿನಿಮಾ ನೋಡುವವರಿಗೆ ಕೋಡಿ ಎಂಬ ಉಚಿತ ತಂತ್ರಾಂಶ ಗೊತ್ತಿರುತ್ತದೆ. ಅದರ ಪರದೆ ಕನ್ನಡದಲ್ಲಿ, ನಮಗೆ ಬೇಕಾದ ಬಣ್ಣ ಮತ್ತು ವಿನ್ಯಾಸದಲ್ಲಿ ಕಾಣಬೇಕೆಂದರೆ ಬೇಕಾಗುವುದೇ ‘ಸ್ಕಿನ್’. ಸಿಂಧನೂರಿನ ಕಾಲೇಜು ಹುಡುಗಿಯೊಬ್ಬಳು ಇಂಥದ್ದೊಂದನ್ನು ಮಾಡಿದಳು ಎಂದುಕೊಳ್ಳಿ. ಅದು ಲಿಂಗಸುಗೂರಿನ ಟೀವಿಗೂ ಲಂಡನ್ನಿನ ಟೀವಿಗೂ ತಲುಪುವುದು ಹೇಗೆ? ತಲುಪಿದ್ದು ಅವಳು ಮಾಡಿದ್ದೇ ಎಂದು ನಂಬುವುದು ಹೇಗೆ?

ಪರದೆಯ ಹಿಂದೆ ಏನಿದೆ

ಮೊದಲ ಎಕ್ಸ್‌ಬಾಕ್ಸ್ ಆಟದ ಯಂತ್ರದಲ್ಲಿ ವಿಡಿಯೊ ನೋಡಲೆಂದು 2002ರ ಸುಮಾರಿಗೆ ಹವ್ಯಾಸಿಗಳು ಕಟ್ಟಿದ ತಂತ್ರಾಂಶವೇ ಇಂದಿನ ಕೋಡಿಯ ಮೂಲ. ಬಹಳ ವರ್ಷ ಎಕ್ಸ್‌ಬಿಎಂಸಿ ಎಂದು ಕರೆಸಿಕೊಂಡಿದ್ದ ಅದಕ್ಕೆ 2014ರಲ್ಲಿ ಹೊಸ ಹೆಸರು ಬಂತು. ಅದರ ಜೊತೆ ಸಿನಿಮಾಗಳೇನೂ ಬರುವುದಿಲ್ಲ. ನಿಮ್ಮಲ್ಲಿರುವುದನ್ನು ಅಚ್ಚುಕಟ್ಟಾಗಿ ತೋರಿಸುವುದಷ್ಟೇ ಅದರ ಕೆಲಸ. 2010ರ ಡಿಸೆಂಬರಿನಲ್ಲಿ ಬಂದ ‘ಧರ್ಮ’ ಎಂಬ ಹೆಸರಿನ 10ನೇ ಆವೃತ್ತಿಯಿಂದ ಹೊರಗಿನವರು ಮಾಡಿದ ಹೆಚ್ಚುವರಿ ತುಣುಕುಗಳಾದ ಆ್ಯಡ್-ಆನ್‌ಗಳನ್ನು ತಂತ್ರಾಂಶದೊಳಗಿಂದಲೇ ಹುಡುಕಿ ಹಾಕಿಕೊಳ್ಳುವ ವ್ಯವಸ್ಥೆ ಶುರುವಾಯಿತು. ಸ್ಕಿನ್ ಕೂಡ ಒಂದು ಆ್ಯಡ್-ಆನ್. 2017ರ 17ನೇ ಆವೃತ್ತಿಯಿಂದ ಕೋಡಿಯ ಜೊತೆಗೇ ಬರುವ ಸ್ಕಿನ್ನಿನ ಹೆಸರು ಎಸ್ಚುರಿ.

ಸ್ಕಿನ್ ಎಂದರೆ ಒಂದು ಫೋಲ್ಡರ್. ಮುಖಪುಟ, ಮೆನು, ‘ಹೌದು–ಬೇಡ’ ಕೇಳುವ ಕಿಟಕಿ, ಒಂದೊಂದಕ್ಕೂ ಒಂದೊಂದು ಎಕ್ಸ್‌ಎಂಎಲ್ ಕಡತ. ಈ ಗುಂಡಿ ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ದೂರದಲ್ಲಿರಲಿ, ರಿಮೋಟಿನ ಕೆಳಬಾಣ ಒತ್ತಿದರೆ ಆ ಗುಂಡಿಗೆ ಹೋಗಲಿ ಎಂಬ ಸೂಚನೆಗಳು ಅದರಲ್ಲಿರುತ್ತವೆ. ಸಾಮಾನ್ಯವಾಗಿ 1920×1080 ಚುಕ್ಕಿಗಳ ಪರದೆಯನ್ನು ಲೆಕ್ಕಕ್ಕಿಟ್ಟು ಬರೆಯುತ್ತಾರೆ. ಬೇರೆ ಅಳತೆಯ ಟೀವಿಗೆ ಕೋಡಿಯೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಚಿತ್ರ, ಬಣ್ಣ, ಫಾಂಟ್, ಭಾಷೆ ಇವುಗಳಿಗೆ ಬೇರೆ ಬೇರೆ ಫೋಲ್ಡರ್.

ಕನ್ನಡ ಒಳಬರುವ ಬಾಗಿಲು ಎರಡು. ಒಂದು ಫಾಂಟಿನ ಕಡತ. ಯಾವ ಹೆಸರಿನ ಅಕ್ಷರಗಾತ್ರಕ್ಕೆ ಯಾವ ಫಾಂಟ್ ಎಂಬ ಪಟ್ಟಿ ಅದು. ಅಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮದಂಥ ಯೂನಿಕೋಡ್ ಫಾಂಟನ್ನು ಸೇರಿಸಬಹುದು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಓಡುವ ಹಳೆಯ ಆಸ್ಕಿ ಫಾಂಟುಗಳು ಇಲ್ಲಿ ನಡೆಯುವುದಿಲ್ಲ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದಂಥವು. ಯೂನಿಕೋಡಿನಲ್ಲಿ ಬಂದ ‘ಮಸ್ಕಿ’ಯನ್ನು ಅವು ಗುರುತಿಸಲಾರವು. ಇನ್ನೊಂದು ಬಾಗಿಲು ಭಾಷೆಯ ಕಡತ. ಸ್ಕಿನ್ನಿನಲ್ಲಿ ಹೊಸದಾಗಿ ಸೇರಿಸುವ ಪ್ರತಿ ಮಾತಿಗೂ 31000ದಿಂದ 31999ರ ಒಳಗಿನ ಒಂದು ಸಂಖ್ಯೆ ಕೊಡಬೇಕು. ವಿನ್ಯಾಸದ ಕಡತದಲ್ಲಿ ಇರುವುದು ಆ ಸಂಖ್ಯೆ ಮಾತ್ರ. ಬಳಕೆದಾರ ಆರಿಸಿದ ಭಾಷೆ ಕನ್ನಡವಾದರೆ ಕನ್ನಡದ ಸಾಲು ಬರುತ್ತದೆ. ಅನುವಾದವಾಗದೆ ಉಳಿದ ಕಡೆ ಇಂಗ್ಲಿಷ್ ಸಾಲೇ ಕಾಣುತ್ತದೆ.

ಗುರುತಿನ ಕಡತ

ಫೋಲ್ಡರ್ ಸಿದ್ಧವಾದ ಮಾತ್ರಕ್ಕೆ ಅದು ಹಂಚಲು ಅರ್ಹವಲ್ಲ. ಆ್ಯಡ್-ಆನ್.ಎಕ್ಸ್‌ಎಂಎಲ್ ಎಂಬ ಒಂದು ಕಡತ ಬೇಕೇ ಬೇಕು. ಸ್ಕಿನ್ನಿನ ಗುರುತು, ಆವೃತ್ತಿ ಸಂಖ್ಯೆ, ಮಾಡಿದವರ ಹೆಸರು, ಪರವಾನಗಿ, ಕೋಡಿಯ ಯಾವ ತಲೆಮಾರಿಗೆ ಹೊಂದುತ್ತದೆ, ಬೇರೆ ಯಾವ ಆ್ಯಡ್-ಆನ್‌ಗಳನ್ನು ಅವಲಂಬಿಸಿದೆ ಎಂಬುದೆಲ್ಲ ಅದರಲ್ಲಿರಬೇಕು.

ಮಸ್ಕಿಯ ಸುತ್ತಲಿನ ತಾಲೂಕುಗಳಿಗೆ ಇಂಥ ಶಿಸ್ತು ಹೊಸದಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಬರಹ ಬಿತ್ತು. ಅದು ಮೌರ್ಯ ದೊರೆಯೊಬ್ಬನ ಕಿರು ಶಾಸನ. ಅದೇ ಪಾಠ ಕೊಪ್ಪಳದ ಗವಿಮಠ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸೇರಿದಂತೆ ಹಲವು ಕಡೆಯ ಬಂಡೆಗಳ ಮೇಲೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇದೆ. ಬ್ರಹ್ಮಗಿರಿಯ ಪ್ರತಿಯಲ್ಲಿ ಸಂದೇಶ ಸುವರ್ಣಗಿರಿಯಿಂದ ಇಸಿಲಕ್ಕೆ ಹೊರಟದ್ದು ದಾಖಲಾಗಿದೆ. ಬರೆದವನು ಚಪಡ ಎಂದು ಅವನ ಹೆಸರೂ ಇದೆ. ಕಳಿಸಿದವರು ಯಾರು, ಯಾರಿಗೆ, ಬರೆದವರು ಯಾರು, ಎಲ್ಲ ಪಕ್ಕಾ. ಆದರೆ ಅಲ್ಲಿಯವರೆಗೆ ಸಿಕ್ಕಿದ್ದ ಪ್ರತಿಗಳಲ್ಲಿ ದೊರೆಯನ್ನು ಬಿರುದಿನಿಂದಷ್ಟೇ ಕರೆದಿತ್ತು. ಅಶೋಕ ಎಂಬ ಹೆಸರು ಮಸ್ಕಿಯ ಪ್ರತಿಯಲ್ಲಿ ಕಂಡಮೇಲೆಯೇ ಆ ಶಾಸನಗಳ ಒಡೆಯ ಯಾರೆಂಬುದು ಗಟ್ಟಿಯಾಯಿತು. ಗುರುತಿನ ಒಂದು ಸಾಲು ಬಿಟ್ಟುಹೋದರೆ ಉಳಿದ ಪಾಠವೆಲ್ಲ ಇದ್ದೂ ಪ್ರಶ್ನೆ ಹಾಗೇ ಉಳಿಯುತ್ತದೆ.

ಆವೃತ್ತಿ ಸಂಖ್ಯೆಯ ವಿಷಯದಲ್ಲಿ ಹೊಸಬರು ಎಡವುವುದುಂಟು. 1.0.9 ಆದಮೇಲೆ 1.0.10 ಬರುತ್ತದೆ. ದಶಮಾಂಶದ ಲೆಕ್ಕದಂತೆ ಕಂಡರೂ ಇದು ದಶಮಾಂಶವಲ್ಲ. ಚುಕ್ಕಿಗಳ ನಡುವಿನ ಒಂದೊಂದು ಸಂಖ್ಯೆಯನ್ನೂ ಬೇರೆಬೇರೆಯಾಗಿ ಹೋಲಿಸುತ್ತಾರೆ. ಒಂಬತ್ತಕ್ಕಿಂತ ಹತ್ತು ದೊಡ್ಡದು, ಹಾಗಾಗಿ ಅದೇ ಹೊಸದು. ಕೋಡಿಯ ತಲೆಮಾರನ್ನು ಸೂಚಿಸುವ ಸಂಖ್ಯೆಯೂ ಇದೆ: 19ನೇ ಆವೃತ್ತಿಗೆ 5.15.0, 20ಕ್ಕೆ 5.16.0, 21ಕ್ಕೆ 5.17.0. ಇದು ತಪ್ಪಿದರೆ ಸ್ಕಿನ್ ಎಷ್ಟೇ ಚೆನ್ನಾಗಿದ್ದರೂ ಆ ಪೆಟ್ಟಿಗೆಯಲ್ಲಿ ಕೂರುವುದಿಲ್ಲ.

ಒಪ್ಪಿಸುವ ದಾರಿ

ಆ್ಯಡ್-ಆನ್ ಸಂಗ್ರಹಕ್ಕೆ ರೆಪಾಸಿಟರಿ ಎನ್ನುತ್ತಾರೆ. ಕೋಡಿ ತಂಡ ನಡೆಸುವ ಅಧಿಕೃತ ರೆಪಾಸಿಟರಿಗೆ ಸ್ಕಿನ್ ಒಪ್ಪಿಸುವುದು ಗಿಟ್‌ಹಬ್ ಎಂಬ ಜಾಲತಾಣದ ಮೂಲಕ. ಸ್ಕಿನ್‌ಗಳಿಗೆಂದೇ ಅಲ್ಲೊಂದು ಉಗ್ರಾಣವಿದೆ. ಅದರೊಳಗೆ ಕೋಡಿಯ ಪ್ರತಿ ತಲೆಮಾರಿಗೂ ಒಂದು ಶಾಖೆ. ನಿಮ್ಮ ಖಾತೆಗೆ ಅದರ ಪ್ರತಿ ಮಾಡಿಕೊಂಡು, ಸರಿಯಾದ ಶಾಖೆಯಲ್ಲಿ ನಿಮ್ಮ ಫೋಲ್ಡರನ್ನು ಇಟ್ಟು, ‘ಇದನ್ನು ಸೇರಿಸಿಕೊಳ್ಳಿ’ ಎಂಬ ಪುಲ್ ರಿಕ್ವೆಸ್ಟ್ ಕಳಿಸಬೇಕು. ಒಂದು ಕೋರಿಕೆಯಲ್ಲಿ ಒಂದೇ ಆ್ಯಡ್-ಆನ್ ಇರಬೇಕು.

ಮೊದಲು ತಪಾಸಣೆ ಮಾಡುವುದು ಯಂತ್ರ. ಎಕ್ಸ್‌ಎಂಎಲ್‌ನಲ್ಲಿ ಮುಚ್ಚದ ಟ್ಯಾಗ್, ಇಲ್ಲದ ಐಕಾನ್, ತಪ್ಪು ಅಳತೆಯ ಚಿತ್ರ, ಇಂಥವನ್ನು ಅದು ಕೂಡಲೇ ಹಿಡಿಯುತ್ತದೆ. ಐಕಾನ್ 256 ಅಥವಾ 512 ಚುಕ್ಕಿಗಳ ಚೌಕವಾಗಿರಬೇಕು. ನಂತರ ತಂಡದ ಸ್ವಯಂಸೇವಕರು ನೋಡುತ್ತಾರೆ. ಇಲ್ಲಿ ಹಕ್ಕುಸ್ವಾಮ್ಯ ಮುಖ್ಯ. ಹಿನ್ನೆಲೆಗೆ ನೆಚ್ಚಿನ ನಟನ ಸಿನಿಮಾ ಪೋಸ್ಟರ್ ಹಾಕಿದರೆ ಅದು ನಿಮ್ಮದಲ್ಲ. ಮುದಗಲ್ ಕೋಟೆಯ ಚಿತ್ರವನ್ನು ನೀವೇ ತೆಗೆದಿದ್ದರೆ ಧಾರಾಳವಾಗಿ ಹಾಕಬಹುದು. ಫಾಂಟಿಗೂ ಇದೇ ನಿಯಮ. ನೋಟೊ, ಬಾಲೂ ತಮ್ಮ ಮುಕ್ತ ಪರವಾನಗಿಯವು. ಯಾರದೋ ಕಂಪ್ಯೂಟರಿನಿಂದ ಎತ್ತಿದ ಫಾಂಟಿಗೆ ಇಲ್ಲಿ ಜಾಗವಿಲ್ಲ.

ಒಪ್ಪಿಗೆಯಾದ ಮೇಲೆ ಸ್ಕಿನ್ ಜಿಪ್ ಆಗಿ ಸರ್ವರಿಗೆ, ಅಲ್ಲಿಂದ ಅದರ ಪ್ರತಿಗಳನ್ನಿಡುವ ಲೋಕದ ಹಲವೆಡೆಯ ಮಿರರ್‌ಗಳಿಗೆ ಹೋಗುತ್ತದೆ. ಮನೆಯ ಪೆಟ್ಟಿಗೆ ಆಗಾಗ ಆ್ಯಡ್-ಆನ್‌ಗಳ ಒಂದು ಪಟ್ಟಿಯನ್ನಷ್ಟೇ ತರಿಸಿಕೊಂಡು ತನ್ನಲ್ಲಿರುವುದರ ಜೊತೆ ಹೋಲಿಸುತ್ತದೆ. ಹೊಸ ಸಂಖ್ಯೆ ಕಂಡರೆ ಮಾತ್ರ ಜಿಪ್ ಇಳಿಸುತ್ತದೆ.

ಬದಲಾಗದ್ದೆಲ್ಲ ಒಳ್ಳೆಯದಲ್ಲ

ದಾರಿಯಲ್ಲಿ ಯಾರಾದರೂ ಜಿಪ್ ತಿದ್ದಿದ್ದರೆ? ಅದಕ್ಕೆ ಹ್ಯಾಷ್ ಎಂಬ ಗಣಿತದ ಉಪಾಯವಿದೆ. ಎಸ್‌ಎಚ್‌ಎ-256 ವಿಧಾನ ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ 256 ಬಿಟ್ಟುಗಳ ಒಂದು ಮುದ್ರೆ ಕೊಡುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುದ್ರೆಯ ಸುಮಾರು ಅರ್ಧದಷ್ಟು ಬಿಟ್ಟುಗಳು ತಿರುವುಮುರುವಾಗುತ್ತವೆ. ರೆಪಾಸಿಟರಿ ಹೇಳಿದ ಮುದ್ರೆಗೂ ಇಳಿದ ಕಡತದ ಮುದ್ರೆಗೂ ತಾಳೆಯಾಗದಿದ್ದರೆ ಕಡತ ಕೆಟ್ಟಿದೆ ಎಂದೇ ಅರ್ಥ.

ಆದರೆ ಹ್ಯಾಷ್ ಹೇಳುವುದು ಕಡತ ಬದಲಾಗಿಲ್ಲ ಎಂಬುದನ್ನು ಮಾತ್ರ, ಒಳಗಿರುವುದು ಒಳ್ಳೆಯದು ಎಂಬುದನ್ನಲ್ಲ. 2018ರ ಸೆಪ್ಟೆಂಬರಿನಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಒಂದು ಸಂಗತಿ ಬಯಲಿಗೆಳೆಯಿತು. ಕೋಡಿಯ ಅಧಿಕೃತವಲ್ಲದ ಕೆಲವು ರೆಪಾಸಿಟರಿಗಳಿಂದ ಬಂದ ಆ್ಯಡ್-ಆನ್‌ಗಳು ಬಳಕೆದಾರರ ಕಂಪ್ಯೂಟರಿನಲ್ಲಿ ಗುಟ್ಟಾಗಿ ಮೊನೆರೊ ಎಂಬ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುತ್ತಿದ್ದವು. ಕೆಟ್ಟದ್ದು ಮೂಲದಲ್ಲೇ ಸೇರಿಕೊಂಡರೆ ಹ್ಯಾಷ್ ಅದನ್ನೂ ಚಾಚೂ ತಪ್ಪದೆ ತಲುಪಿಸುತ್ತದೆ. ಕೋಡಿಯಲ್ಲಿ ‘ಅಪರಿಚಿತ ಮೂಲಗಳು’ ಎಂಬ ಗುಂಡಿ ಮೊದಲಿಗೆ ಆಫ್ ಆಗಿರುವುದು ಇಂಥ ಅಪಾಯಗಳ ಕಾರಣಕ್ಕೆ.

ಸ್ವಂತ ರೆಪಾಸಿಟರಿ ಮಾಡುವುದು ತಪ್ಪೇನಲ್ಲ. ಪಟ್ಟಿಯ ಕಡತ, ಅದರ ಮುದ್ರೆ, ಜಿಪ್‌ಗಳಿರುವ ಜಾಗ, ಈ ಮೂರರ ವಿಳಾಸ ಇರುವ ಒಂದು ಪುಟ್ಟ ಆ್ಯಡ್-ಆನ್ ಸಾಕು. ನೆಟ್ ನಿಧಾನವಿರುವ ಹಳ್ಳಿಗೆ ಪೆನ್‌ಡ್ರೈವಿನಲ್ಲಿ ಕಳಿಸುವುದಾದರೂ ಬರೀ ಸ್ಕಿನ್ನಿನ ಜಿಪ್ ಕೊಡಬೇಡಿ, ರೆಪಾಸಿಟರಿಯ ಜಿಪ್ಪನ್ನೂ ಕೊಡಿ. ಇಲ್ಲದಿದ್ದರೆ ನೀವು ಆಮೇಲೆ ತಿದ್ದಿದ ತಪ್ಪು ಅವರ ಟೀವಿಯಲ್ಲಿ ಹಾಗೇ ಉಳಿಯುತ್ತದೆ.

ಇಷ್ಟಕ್ಕೆಲ್ಲ ಬೆಂಗಳೂರಿಗೆ ಹೋಗಬೇಕಾಗಿಲ್ಲ, ದುಬಾರಿ ಕಂಪ್ಯೂಟರೂ ಬೇಡ. ಪ್ರೋಗ್ರಾಮಿಂಗ್ ಬಾರದವರು ಅನುವಾದದಿಂದ ಶುರು ಮಾಡಬಹುದು. 2021ರಿಂದ ಕೋಡಿಯ ಅನುವಾದಗಳು ವೆಬ್ಲೇಟ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿವೆ, ಯಾರು ಬೇಕಾದರೂ ಕೈಜೋಡಿಸಬಹುದು. ಎಕ್ಸ್‌ಎಂಎಲ್ ಕಲಿಯುವ ಆಸಕ್ತಿ ಇರುವವರು ಎಸ್ಚುರಿಯ ಕಡತಗಳನ್ನು ತೆರೆದು ಒಂದು ಬಣ್ಣ, ಒಂದು ಫಾಂಟ್ ಬದಲಿಸಿ ನೋಡಲಿ. ಹೆಸರು, ಸಂಖ್ಯೆ, ಪರವಾನಗಿ ಮೂರೂ ಸರಿಯಿವೆಯೇ ಎಂದು ನೋಡಿಕೊಂಡೇ ಕೋರಿಕೆ ಕಳಿಸಲಿ. ತಿರಸ್ಕೃತವಾಗಿ ಬಂದರೆ ಕಾರಣವನ್ನೂ ಬರೆದಿರುತ್ತಾರೆ. ತಿದ್ದಿ ಮತ್ತೆ ಕಳಿಸಿ.